ಕೈ ತೆಗೆಸಿದ ಮಾತು

ನಮ್ಮ ಕಡೆ 'ಆತು' ಎಂಬ ಒಂದೇ ಮಾತಿನಲ್ಲಿ ಇಡೀ ಸಂಸಾರ ನಡೆದುಹೋಗುತ್ತದೆ. ಊಟ ಮುಗಿದರೂ ಆತು, ಹೇಳಿದ ಕೆಲಸ ಮಾಡಿದರೂ ಆತು, ಮನುಷ್ಯ ಸತ್ತರೂ ಆತು. ಗದಗ ಹೊಸದಾಗಿ ಜಿಲ್ಲೆಯಾಗಿದ್ದ ದಿನಗಳಲ್ಲಿ ನಾನು ಅಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದೆ. ಅಲ್ಲಿ ಈ ಮಾತು ಒಬ್ಬರ ಎದೆಯ ಮೇಲಿಂದ ಕೈ ತೆಗೆಸಿತು.

ನಮ್ಮ ವಾರ್ಡಿಗೆ ಸೇರಿದ್ದ ಮುಂಡರಗಿಯ ದರ್ಜಿಯೊಬ್ಬರು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದವರು ಹಾಗೇ ದಿಂಬಿಗೆ ಒರಗಿಬಿಟ್ಟರು. ನಾಡಿ ಇರಲಿಲ್ಲ. ವಾರ್ಡಿನ ಕೆಲಸಕ್ಕಿದ್ದ ಲಕ್ಷ್ಮೇಶ್ವರದ ಹಿರಿಯರು, ನಮಗೆಲ್ಲ ಕಾಕಾ, ಎದೆ ಒತ್ತಲು ನಿಂತರು. ನಾನು ಗಾಳಿಚೀಲ ಹಿಚುಕಿ ಉಸಿರು ಕೊಡುತ್ತಲೇ ಹೊಸ ನರ್ಸಿಗೆ, "ಡಾಕ್ಟರಿಗೆ ಫೋನ್ ಹಚ್ಚು" ಎಂದು ಕೂಗಿದೆ. ಆಕೆ ಹಚ್ಚಿ, ಬಾಗಿಲಿಂದಲೇ ಹೇಳಿದಳು: "ಆತ್ರಿ ಅಕ್ಕಾರ!"

ಕಾಕಾ ಕೈ ತೆಗೆದು, ತಲೆ ತಗ್ಗಿಸಿ ಹಿಂದೆ ಸರಿದರು. ದರ್ಜಿಯ ಹೆಂಡತಿ ಹಾಡಾಡಿಕೊಂಡು ಅಳುತ್ತ ಮೈಮೇಲೆ ಬಿದ್ದರು. ಅವರನ್ನು ಬಿಡಿಸಿ, ಆತು ಅಂದದ್ದು ಫೋನಿಗೆ ಎಂದು ಕಾಕಾಗೆ ತಿಳಿಸಿ ಹೇಳಿ, ಮತ್ತೆ ಒತ್ತುವಷ್ಟರಲ್ಲಿ ಹೊತ್ತು ಮೀರಿತ್ತು. ದರ್ಜಿ ಉಳಿಯಲಿಲ್ಲ.

"ಹೆಂಗಿದ್ರೂ ಉಳೀತಿದ್ದಿಲ್ಲ, ಬಿಡ್ರಿ ಸಿಸ್ಟರ್" ಎಂದರು ಡಾಕ್ಟರು. ಇರಬಹುದು. ಆದರೆ ಆ ಕೈ ನಿಂತದ್ದನ್ನು ನಾನು ಬಿಡಲಾರದೆ ಹೋದೆ. ಸಿಟ್ಟು ಮೊದಲು ಎಲ್ಲರ ಮೇಲೂ ಬಂತು, ಆಮೇಲೆ ನನ್ನ ಮೇಲೇ ಬಂತು.

ಮರುದಿನದಿಂದ ವಾರ್ಡಿನಲ್ಲಿ ಆ ಮಾತಿಗೆ ಬಹಿಷ್ಕಾರ. ಫೋನ್ ಮಾಡಿದವರು "ಫೋನ್ ಹಚ್ಚೀನಿ" ಅನ್ನಬೇಕು, ಇಂಜೆಕ್ಷನ್ ಕೊಟ್ಟವರು "ಸೂಜಿ ಮಾಡೀನಿ" ಅನ್ನಬೇಕು. "ಕೈ ತಗೀರಿ" ಎಂದು ನಾನಾಗಲಿ ಡಾಕ್ಟರಾಗಲಿ ಹೇಳುವವರೆಗೆ ಒತ್ತುವ ಕೈ ನಿಲ್ಲಬಾರದು. ದಿನಾ ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಹತ್ತಿಯ ಗಟ್ಟಿ ದಿಂಬಿನ ಮೇಲೆ ತಾಲೀಮು. ಕಾಕಾ ಮಾತ್ರ ಮೂಲೆ ಹಿಡಿದು ನಿಂತರು.

"ನನ್ನ ಕೈ ಬ್ಯಾಡ್ರಿ ಅಕ್ಕಾರ."

"ನಿಮ್ಮ ಕೈಯಾಗೇನೂ ತಪ್ಪಿಲ್ಲ ಕಾಕಾ, ಕಿವಿಗೆ ಬಿದ್ದದ್ದು ತಪ್ಪು. ಬರ್ರಿ, ಒತ್ರಿ!" ಎಂದು ಗದರಿಸಿಯೇ ಕರೆದೆ. ಬಂದರು.

ಬಾಯಿತಪ್ಪಿ 'ಆತು' ಅಂದವರು ಎಲ್ಲರ ಚಹಾದ ಕಪ್ಪು ತೊಳೆಯಬೇಕೆಂದು ನಾನೇ ನಿಯಮ ಮಾಡಿದೆ. ಮೊದಲ ವಾರವೆಲ್ಲ ನಾನೇ ತೊಳೆದೆ. ನಾಲಗೆ ಕೇಳಬೇಕಲ್ಲ!

ಕೆಲವು ತಿಂಗಳ ಮೇಲೆ ಹಮ್ಮಿಗಿಯ ಹೆಣ್ಣುಮಗಳೊಬ್ಬಳ ಎದೆಬಡಿತ ವಾರ್ಡಿನಲ್ಲೇ ನಿಂತಿತು. ಗಂಡನನ್ನು ಹೊರಗೆ ಕಳಿಸಿದೆವು. ಕಾಕಾ ಒತ್ತತೊಡಗಿದರು. "ಫೋನ್ ಹಚ್ಚೀನಿ!" "ಸೂಜಿ ಮಾಡೀನಿ!" ಒಂದೊಂದು ಮಾತೂ ಸ್ಪಷ್ಟವಾಗಿ ಬಂತು, ಕೈ ನಿಲ್ಲಲಿಲ್ಲ. ಡಾಕ್ಟರು ಓಡಿಬಂದು, "ಕೈ ತಗೀರಿ" ಎಂದು ಎದೆಗೆ ಕರೆಂಟು ಕೊಟ್ಟರು. ಕಾಕಾ ಮತ್ತೆ ಒತ್ತಿದರು. ಸ್ವಲ್ಪ ಹೊತ್ತಿಗೆ ನನ್ನ ಬೆರಳಿಗೆ ನಾಡಿ ಸಿಕ್ಕಿತು.

ಬೆವರು ಒರೆಸಿಕೊಳ್ಳುತ್ತ ಹೊರಬಂದ ಕಾಕಾನ ಮುಖ ನೋಡಿ ಗಂಡ ಕೇಳಿದ: "ಆತೇನ್ರಿ?"

"ಆ ಮಾತ ಇಲ್ಲಿ ಅನ್ನಂಗಿಲ್ಲೋ ತಮ್ಮಾ, ಅಂದವರು ಕಪ್ ತೊಳೀಬೇಕು" ಎಂದರು ಕಾಕಾ. "ನಿನ್ನ ಹೆಂಡ್ತಿ ಉಸಿರಾಡಾಕತ್ತಾಳ."

ಅವನು ಅಲ್ಲೇ ಕುಳಿತು ಅತ್ತ. ನಾನೂ ಅತ್ತೆ.

ಮೂರನೆಯ ದಿನ ಆಕೆ ಗಂಜಿ ಕುಡಿದಳು. ಆಕೆಗೆ ಕುಡಿಸಿ ನಮ್ಮ ಕೋಣೆಗೆ ಬಂದರೆ, ಗಂಡ ನಳದ ಕೆಳಗೆ ನಮ್ಮ ಕಪ್ಪುಗಳನ್ನೆಲ್ಲ ಹರವಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಕಾಕಾ ಒಂದೊಂದನ್ನೇ ಒರೆಸಿ ಇಡುತ್ತಿದ್ದರು.

"ಬಿಡೋ ತಮ್ಮಾ" ಎಂದೆ.

"ಅಂದೀನಲ್ರಿ ಅಕ್ಕಾರ, ತೊಳೀಬೇಕು" ಎಂದು ಅವನು ಇನ್ನೊಂದು ಕಪ್ಪು ಎತ್ತಿಕೊಂಡ.