ಅಟೆಂಡರ್ ತಾತನ ಮೊದಲ ಪ್ರಯೋಗ

ಶಾಲೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಗಾಜಿನ ಸಾಮಾನು ತೊಳೆದು ನಿವೃತ್ತರಾದ ಅಟೆಂಡರ್‌ಗೆ ಮನೆಯಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿದ್ದ ಮಂಕು ಗ್ಲಾಸನ್ನೂ ಉಜ್ಜಿ ಬೋರಲು ಹಾಕಿದರು. ಅದರೊಳಗಿನ ಉಪ್ಪುನೀರಿನಲ್ಲಿ ದಾರ ಇಳಿಬಿಟ್ಟು ಮೊಮ್ಮಗಳು ಆರು ದಿನದಿಂದ ಹರಳು ಬೆಳೆಸುತ್ತಿದ್ದಳು. ಅಂದೇ ಮಧ್ಯಾಹ್ನ ಅದನ್ನು ತರಗತಿಯಲ್ಲಿ ತೋರಿಸಬೇಕಿತ್ತು.

"ತಾತ, ನಿನ್ ಕೈ ಒಂದ್ ನಿಮಿಷನೂ ಸುಮ್ನಿರಲ್ವಾ?" ಅವಳ ಕಣ್ಣು ತುಂಬಿತು.

ಅವರು ಗಡಿಬಿಡಿಯಲ್ಲಿ ಡಬ್ಬಿಗಳನ್ನು ತಡಕಾಡಿದರು. "ಅದರ ಬದಲು ಇದನ್ನ ತೋರ್ಸು. ಬಾಟಲಿಗೆ ನಿಂಬೆರಸ, ಬಲೂನಿಗೆ ಅಡುಗೆ ಸೋಡಾ. ಬಲೂನನ್ನ ಬಾಟಲಿ ಬಾಯಿಗೆ ಸಿಕ್ಕಿಸಿ ಎತ್ತಿದ್ರೆ ಸೋಡಾ ಒಳಗೆ ಬಿದ್ದು ಬಲೂನ್ ತಾನೇ ಉಬ್ಬುತ್ತೆ."

"ನೀನು ಮಾಡಿದ್ದೀಯಾ?"

"ಇಲ್ಲಮ್ಮ, ಮೇಷ್ಟ್ರು ಮಾಡಿದ್ಮೇಲೆ ತೊಳೆದಿದ್ದೀನಿ."

ಅವರು ತಾವೇ ಮಾಡಿ ನೋಡಿದರು; ಬಲೂನು ಉಬ್ಬಿ ನೆಟ್ಟಗೆ ನಿಂತಿತು.

"ಹಾಗಾದ್ರೆ ಕ್ಲಾಸಲ್ಲೂ ನೀನೇ ಬಂದು ಮಾಡು," ಎಂದಳು ಮೊಮ್ಮಗಳು.

ಅಟೆಂಡರ್ ಹತ್ತು ಗಂಟೆಗೇ ಅಂಗಿ ತೊಟ್ಟು, ನಿಂಬೆಹಣ್ಣಿನ ಚೀಲ ಹಿಡಿದು, ಬಾಗಿಲಿಗೂ ಗಡಿಯಾರಕ್ಕೂ ಓಡಾಡತೊಡಗಿದರು.