ಹಸಿ ಜಾಲಿ ಎಳೆದ ದಾರಿ

ಕಾರಟಗಿ ಹೊಸದಾಗಿ ತಾಲೂಕು ಕೇಂದ್ರವಾಗಿದ್ದ ದಿನಗಳಲ್ಲಿ ನನಗೆ ಅಲ್ಲಿಂದ ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಪಶು ಚಿಕಿತ್ಸಾಲಯಕ್ಕೆ ವರ್ಗವಾಯಿತು. ಪಶುವೈದ್ಯನಾಗಿ ಅದೇ ನನ್ನ ಕೊನೆಯ ಠಾಣೆ. ಕಾರಟಗಿಯ ಕಾಲುವೆ ಸೀಮೆಯಲ್ಲಿ ಬೈಕಿನ ಗಾಲಿ ಕುಳಿತರೆ ಚಿಂತೆಯಿರಲಿಲ್ಲ, ಅಕ್ಕಿ ಗಿರಣಿಗಳ ಪಕ್ಕದಲ್ಲೆಲ್ಲ ಪಂಕ್ಚರ್ ಅಂಗಡಿಗಳಿದ್ದವು. ಈ ಎರೆ ಸೀಮೆಯಲ್ಲಿ ಕೂಗಿದರೂ ಕೇಳುವವರಿಲ್ಲದಂಥ ಹೊಲದ ದಾರಿಗಳು. ಬಂದ ಹೊಸತರಲ್ಲೇ ಜಾಲಿಮುಳ್ಳು ನನ್ನಿಂದ ಎರಡು ಸಲ ಬೈಕು ನೂಕಿಸಿತು.

ಮೂರನೆಯ ಸಲ ನೂಕಲಾರೆನೆಂದು ಔಷಧದ ಚೀಲದ ಜೊತೆಗೆ ಇನ್ನೊಂದು ಚೀಲ ಕಟ್ಟಿದೆ. ಹಿಂದಿನ ಗಾಲಿಗೆ ಒಂದು ಹೊಸ ಟ್ಯೂಬು, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಎರಡು ಕಬ್ಬಿಣದ ಪಟ್ಟಿ, ನಟ್ಟು ಬಿಚ್ಚುವ ಪಾನಾ, ಕೈಪಂಪು. ಗಾಲಿ ಬಿಚ್ಚಿ ಜೋಡಿಸುವುದನ್ನು ರವಿವಾರಗಳಲ್ಲಿ ಮನೆಯಂಗಳದಲ್ಲಿ ಕುಳಿತು ರೂಢಿ ಮಾಡಿಕೊಂಡೆ. ಔಷಧದ ಚೀಲಕ್ಕಿಂತ ಪಾನಾದ ಚೀಲವೇ ದಪ್ಪ ಎಂದು ಆಸ್ಪತ್ರೆಯವರು ನಗುತ್ತಿದ್ದರು. ನಗಲಿ ಬಿಡು ಎಂದುಕೊಂಡೆನಾದರೂ ಒಳಗೊಳಗೇ ಉರಿಯುತ್ತಿತ್ತು.

ಹಿಂಗಾರಿ ಬಿತ್ತನೆಗೆ ಮುಂಚೆ, ಒಂದು ಸಂತೆಯ ದಿನ ಬೆಳಿಗ್ಗೆ ಇಮಾಮಸಾಬ ಎಂಬ ರೈತನ ಫೋನು ಬಂತು. ಅವನ ಎತ್ತು ಜೋಳದ ಕೂಳೆಯ ಚಿಗುರು ಮೇಯ್ದು ನಡುಗುತ್ತಿದೆಯಂತೆ. ಕೊಯ್ದ ಜೋಳದ ಬುಡದಿಂದ ಮಳೆಯಿಲ್ಲದೆ ಬಾಡುತ್ತ ಏಳುವ ಎಳೆ ಚಿಗುರಿನಲ್ಲಿ ಸೈನೈಡ್ ವಿಷ ಸೇರಿರುತ್ತದೆ. ಮೇಯ್ದ ದನ ಕೆಲವೊಮ್ಮೆ ಗಂಟೆಯೊಳಗೇ ಸಾಯುತ್ತದೆ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಎಂಬ ಎರಡು ಔಷಧಗಳನ್ನು ಕೊರಳಿನ ರಕ್ತನಾಳಕ್ಕೆ ಕೊಟ್ಟರೆ ಬದುಕುತ್ತದೆ, ಆದರೆ ಉಸಿರು ನಿಲ್ಲುವ ಮೊದಲು ಕೊಡಬೇಕು. ಹೊಲ ನನಗೆ ಗೊತ್ತಿಲ್ಲದ್ದರಿಂದ ಡಾಂಬರು ರಸ್ತೆಯ ಕವಲಿಗೆ ಬಂದು ನಿಲ್ಲಲು ಹೇಳಿ ಹೊರಟೆ.

ಎತ್ತಿನ ಹತ್ತಿರ ಹೆಂಡತಿ ಹುಸೇನಬಿಯನ್ನು ಬಿಟ್ಟು ಅವನು ಕವಲಿಗೆ ಓಡಿ ಬಂದಿದ್ದ. ಹಿಂದೆ ಕೂರಿಸಿಕೊಂಡು ಬಂಡಿ ದಾರಿಗೆ ಇಳಿದೆ. ಅರ್ಧ ದಾರಿಯೂ ಆಗಿರಲಿಲ್ಲ, ಬೈಕಿನ ಹಿಂಭಾಗ ಓಲಾಡತೊಡಗಿತು. ಇಳಿದು ನೋಡಿದರೆ ಹಿಂದಿನ ಗಾಲಿ ನೆಲಕ್ಕೆ ಅಂಟಿತ್ತು.

ಹೊಲ ಇನ್ನೂ ಮೂರು ಕಿಲೋಮೀಟರ್ ಎಂದ ಇಮಾಮಸಾಬ. ಬೈಕು ಇದ್ದ ಇಬ್ಬರಿಗೆ ಫೋನು ಮಾಡಿದ, ಇಬ್ಬರೂ ಸಂತೆಯಲ್ಲಿದ್ದರು. ಚೀಲ ಕೊಡಿ, ಹೊತ್ತುಕೊಂಡು ಓಡುತ್ತೇನೆ ಎಂದ. ಚೀಲ ಓಡಬಹುದು, ನನ್ನ ಮೊಣಕಾಲು ಓಡುವುದಿಲ್ಲ, ಸೂಜಿ ಹಾಕುವವನು ನಾನು. ಓಡುವುದಕ್ಕಿಂತ ಗಾಲಿ ಬಿಚ್ಚುವುದೇ ಬೇಗ ಎಂದು ಲೆಕ್ಕ ಹಾಕಿ ಪಾನಾ ತೆಗೆದೆ.

ಗಾಲಿ ಹೊರಬಂತು, ಪಟ್ಟಿ ಹಾಕಿ ಟೈರು ಎಬ್ಬಿಸಿದೆ. ಅಷ್ಟರಲ್ಲಿ ಹುಸೇನಬಿಯ ಫೋನು. ಎತ್ತು ಮಲಗಿತಂತೆ, ಬಾಯಲ್ಲಿ ನೊರೆ. ನೀರು ಕುಡಿಸಬೇಡ, ತಲೆ ಎತ್ತರಕ್ಕೆ ಹಿಡಿ ಎಂದು ಹೇಳಿಸಿದೆ. ಹಳೆಯ ಟ್ಯೂಬು ಎಳೆದು, ಹೊಸತನ್ನು ಸೇರಿಸುವ ಮುಂಚೆ ಟೈರಿನ ಒಳಮೈಯ ಸುತ್ತಲೂ ನಿಧಾನವಾಗಿ ಬೆರಳಾಡಿಸಲು ಕುಳಿತೆ. ಇಮಾಮಸಾಬನ ತಾಳ್ಮೆ ಹರಿಯಿತು.

"ಟಯರ್ ಸವರೂದು ಬಿಡ್ರಿ ಸಾಹೇಬ್ರ. ಅಲ್ಲಿ ನನ್ನ ಮೋತಿ ಸಾಯಾಕತ್ತೈತಿ."

ನನಗೂ ಅವಸರವಿತ್ತು. ಆದರೆ ಮುರಿದ ಮುಳ್ಳು ಟೈರಿನಲ್ಲೇ ಉಳಿದರೆ ಹೊಸ ಟ್ಯೂಬಿನ ಕಥೆಯೂ ಮುಗಿದಂತೆ, ಇನ್ನೊಂದು ಟ್ಯೂಬು ಇರಲಿಲ್ಲ. ಒಂದು ಮುಳ್ಳು ಸಿಕ್ಕಿತು, ಕಿತ್ತೆ. ಮತ್ತೂ ಸವರಿದೆ. ಆಚೆ ಬದಿಯಲ್ಲಿ ಇನ್ನೊಂದು ಮುಳ್ಳು ಬೆರಳಿಗೆ ಚುಚ್ಚಿ ರಕ್ತ ಬಂತು. ಅದನ್ನೂ ಕಿತ್ತು ಅವನ ಅಂಗೈಗೆ ಹಾಕಿದೆ.

ಮುಳ್ಳು ಇನ್ನೂ ಹಸಿಯಾಗಿತ್ತು. ಅವನು ಅದನ್ನು ನೋಡಿದ, ದಾರಿಯ ಮಣ್ಣಿನ ಮೇಲೆ ಟೊಂಗೆ ಎಳೆದ ಗೀರುಗಳನ್ನು ನೋಡಿದ. ಮುಖ ಬಿಳಿಚಿಕೊಂಡಿತು.

"ಇದು ನಾ ಎಳದ ಜಾಲಿ ರೀ. ಮಂದಿ ದನ ಆ ಕೂಳಿ ತಿಂದು ಸಾಯಬಾರದಂತ ಬೇಲಿ ಹಾಕಾಕ, ಮುಂಜಾನಿ ಮೋತಿಗೇ ಕಟ್ಟಿ ಎಳಸೀನಿ."

ಬೇಲಿ ಹಾಕುವ ಗಡಿಬಿಡಿಯಲ್ಲಿ ಬಿಚ್ಚಿ ಬಿಟ್ಟಿದ್ದ ಎತ್ತೇ ಒಳಹೊಕ್ಕು ಮೇಯ್ದಿತ್ತು. ಟ್ಯೂಬು ಸೇರಿಸಿ ಟೈರು ಕೂರಿಸಿದೆ, ಪಂಪು ಅವನ ಕೈಗೆ ಕೊಟ್ಟೆ. ಇಬ್ಬರಿಗೂ ಹೊಳೆದಿದ್ದ ಭಯವನ್ನು ನಾನೇ ಬಾಯಿಬಿಟ್ಟು ಹೇಳಿದೆ. ಮುಂದಿನ ದಾರಿಯುದ್ದಕ್ಕೂ ಅದೇ ಮುಳ್ಳು ಬಿದ್ದಿರುತ್ತದಲ್ಲ ಎಂದೆ.

ಎಲ್ಲೆಲ್ಲಿ ಎಳೆದಿದ್ದೇನೋ ಅದು ನನಗೆ ಗೊತ್ತು, ಹೇಳಿದ ಕಡೆ ತಿರುಗಿಸಿ ಸಾಕು ಎಂದು ಹಿಂದೆ ಕುಳಿತ. ನನ್ನ ಭುಜ ಹಿಡಿದು ಬಲಕ್ಕೆ ಒತ್ತಿದರೆ ಬಲಗಡೆಯ ಗಾಲಿಜಾಡು, ಎಡಕ್ಕೆ ಒತ್ತಿದರೆ ಬದುವಿನ ಮೇಲೆ. ಹಳ್ಳ ದಾಟಿದ ಮೇಲೆ ಎರಡೂ ಜಾಡಿನಲ್ಲಿ ಎಳೆದಿದ್ದನೆಂದು ಹೊಲದೊಳಗೇ ಇಳಿಸಿದ, ಹೆಂಟೆಗಳ ಮೇಲೆ ಬೈಕು ಕುಣಿಯಿತು. ಗಾಲಿ ಮತ್ತೆ ಓಲಾಡುತ್ತದೆಯೇ ಎಂದು ನನ್ನ ಜೀವವೆಲ್ಲ ಹಿಂದಿನ ಟೈರಿನಲ್ಲಿತ್ತು. ಅಂತೂ ಗಾಲಿ ಕೂರದೆ ಹೊಲ ಮುಟ್ಟಿದೆವು.

ಹುಸೇನಬಿ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಒಸಡು ಢಾಳವಾಗಿ ಕೆಂಪೇರಿತ್ತು, ಈ ವಿಷದ ಗುರುತೇ ಅದು. ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಸೂಜಿ ಚುಚ್ಚಿ ಮೊದಲ ಔಷಧ ಬಿಟ್ಟೆ, ಹಿಂದೆಯೇ ಎರಡನೆಯದು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ತಡವಾಯಿತು ಎಂದೇ ತಿಳಿದೆ. ಆಮೇಲೆ ಕಿವಿ ಅಲುಗಿತು, ಉಸಿರು ದೀರ್ಘವಾಯಿತು, ಎತ್ತು ತಾನಾಗಿ ತಲೆ ಎತ್ತಿತು. ಹುಸೇನಬಿ ಅಳತೊಡಗಿದಳು. ನನ್ನ ಕಣ್ಣೂ ತುಂಬಿ ಬಂತು.

ವಿಷ ಮರುಕಳಿಸಬಹುದಾದ್ದರಿಂದ ಅಲ್ಲೇ ಉಳಿದೆ. ಮೋತಿ ಎದ್ದು ನಿಲ್ಲುವಾಗ ಮಾತ್ರ ಇಮಾಮಸಾಬ ಕಾಣಲಿಲ್ಲ. ಹೆದರಿ ಎಲ್ಲೋ ಹೋಗಿ ಕುಳಿತಿರಬೇಕೆಂದು ಅವನ ಮೇಲೆ ತುಸು ಸಿಟ್ಟೂ ಬಂತು.

ಹೊರಟು ಸ್ವಲ್ಪ ದೂರ ಬಂದಾಗ ಕಂಡ. ತೊಗರಿ ಕಟ್ಟಿಗೆಯ ಪೊರಕೆ ಹಿಡಿದು, ಬೆನ್ನು ಬಗ್ಗಿಸಿ, ಬಂಡಿ ದಾರಿ ಗುಡಿಸುತ್ತಿದ್ದ. ಮೋತಿ ಎದ್ದಿತೆಂದು ಹೇಳಿದೆ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತ, ಮತ್ತೆ ಪೊರಕೆ ಎತ್ತಿಕೊಂಡ. ಈಗಲಾದರೂ ಹೋಗಿ ಎತ್ತು ನೋಡಬಾರದೇ, ನಾನು ಬದುವಿನ ಮೇಲೆ ಹೋಗುತ್ತೇನೆ ಎಂದೆ.

"ನಿಮ್ಮ ಸಲುವಾಗಿ ಅಲ್ರಿ ಸಾಹೇಬ್ರ. ಸಂತಿ ಮಂದಿ ತಿರುಗಿ ಬರೂ ಹೊತ್ತಾತು. ಎಲ್ಲಾರ ಹಂತೇಕ ನಿಮ್ಮಂಥಾ ಚೀಲ ಇರಂಗಿಲ್ಲಲ್ರಿ."

ದಾರಿಗೆ ಹೊರಡುವವನು ಗಾಲಿ ಕೂರುವುದಕ್ಕೆ ಸಿದ್ಧನಾಗಿರಬೇಕೆಂದು ಅಲ್ಲಿಯವರೆಗೆ ಕಂಡವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಆ ಮಾತು ಈಗಲೂ ಸುಳ್ಳಲ್ಲ. ಆದರೆ ನನ್ನ ಚೀಲದಲ್ಲಿದ್ದುದೆಲ್ಲ ನನ್ನೊಬ್ಬನ ಗಾಲಿಗೆ. ಹಿಂದೆ ಬರುವವರ ಗಾಲಿಗೂ ಏನಾದರೂ ಮಾಡಬಹುದೆಂದು ಇಮಾಮಸಾಬನ ಪೊರಕೆ ನನಗೆ ಕಲಿಸಿದ್ದು ಆ ದಿನ. ಬೈಕಿಗೆ ಸ್ಟ್ಯಾಂಡು ಹಾಕಿ, ಬದುವಿನಲ್ಲಿದ್ದ ಒಂದಿಷ್ಟು ತೊಗರಿ ಕಟ್ಟಿಗೆ ಹಿಡಿದು, ಆಚೆ ಜಾಡಿನಿಂದ ನಾನೂ ಗುಡಿಸತೊಡಗಿದೆ.