ಕೋರ್ಟಿಗೆ ಹೋದ ಒಂದು ಮೊಳ ಮಲ್ಲಿಗೆ

ಮೊನ್ನೆ ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಬರುವಾಗ, ಗಾಂಧಿ ಬಜಾರಿನಲ್ಲಿ ಕೊಂಡಿದ್ದ ಮಲ್ಲಿಗೆಯ ಮಾಲೆಯಿಂದ ಒಂದೊಂದೇ ಮೊಗ್ಗು ಕಳಚಿ ನನ್ನ ಮಡಿಲಿಗೆ ಬೀಳತೊಡಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಗಂಟು ಸರಿಯಾಗಿ ಹಾಕಿಲ್ಲ ನೋಡಿ, ನಾಳೆ ಹೋಗಿ ಕೇಳಿ" ಎಂದರು. ಕೇಳುವ ಮಾತೆಲ್ಲಿ ಬಂತು... ಆ ವಾಸನೆಗೆ ನಾನಾಗಲೇ ಹಳೆಯ ಕೋರ್ಟ್ ಹಾಲಿಗೆ ಹೋಗಿ, ನಮ್ಮ ಹೂವಿನಮ್ಮನನ್ನು ನೋಡುತ್ತಾ ನಿಂತಿದ್ದೆ.

ಹೂವಿನಮ್ಮ ಓಲ್ಡ್ ಟೌನಿನಲ್ಲಿ ನಮ್ಮ ಎದುರು ಮನೆಯವರು. ಗಂಡ ತೀರಿಕೊಂಡ ಮೇಲೆ ಹೂವಿನ ಬುಟ್ಟಿಯೇ ಅವರ ಸಂಸಾರ. ಬಾಯಿ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದರೆ ಕೈ ತನ್ನ ಪಾಡಿಗೆ ಗಂಟು ಹಾಕುತ್ತಿತ್ತು. ಮೊಳ ಅಳೆದಾದ ಮೇಲೆ ನಾಲ್ಕು ಬೆರಳು ಕೊಸರು ಕೊಡಲೇಬೇಕು. ಕೊಸರು ಕೊಡದವರನ್ನು ಅವರು ವ್ಯಾಪಾರಸ್ಥರೆಂದೇ ಒಪ್ಪುತ್ತಿರಲಿಲ್ಲ.

ಬಿಡಿ ಹೂ ತರಲು ಶಿವಮೊಗ್ಗಕ್ಕೆ ಹೋಗಿದ್ದ ಒಂದು ಬೆಳಿಗ್ಗೆ, ಅವರ ಕಾಲು ನೆಲ ಮುಟ್ಟುವ ಮೊದಲೇ ಡ್ರೈವರ್ ಬಸ್ಸು ಬಿಟ್ಟುಬಿಟ್ಟ. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಏನೋ ಕೂಡಿಕೊಂಡಿತು, ಆದರೆ ಬೆರಳುಗಳು ಪೂರ್ತಿ ಮಡಚಲೂ ಇಲ್ಲ, ಪೂರ್ತಿ ನೆಟ್ಟಗಾಗಲೂ ಇಲ್ಲ. ಬೀದಿಯ ಹೆಂಗಸರು ಮಧ್ಯಾಹ್ನ ಕೂತು ಅವರಿಗೆ ಹೂ ಕಟ್ಟಿಕೊಡತೊಡಗಿದರು. ಆದರೆ ಎಷ್ಟು ದಿನ ಅಂತ? ಎಲ್ಲರಿಗೂ ಅವರವರ ಮನೆ ಇತ್ತು.

ಅಳೆಯುವುದಕ್ಕೆ ಮಾತ್ರ ಅವರಿಗೆ ನನ್ನ ಕೈಯೇ ಆಗಬೇಕು. "ಚಾಚೇ ಮಾರಾಯ್ತಿ. ನಿನ್ನ ಕೈ ಉದ್ದ, ಗಿರಾಕಿಗೆ ಮೋಸ ಆಗಲ್ಲ" ಎನ್ನುತ್ತಿದ್ದರು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ದಿನವಿಡೀ ಬಿಲ್ ಬರೆದು ಬಂದವಳು, ಸಂಜೆ ಅವರ ಬುಟ್ಟಿಯ ಮುಂದೆ ಕೈಮರದ ಹಾಗೆ ನಿಲ್ಲುತ್ತಿದ್ದೆ.

ಪರಿಹಾರಕ್ಕೆ ಶಿವಮೊಗ್ಗದಲ್ಲಿ ಕೇಸು ಹಾಕಿದ್ದಾಯಿತು. ಕೈ ಪರೀಕ್ಷೆ ಮಾಡಿದ ಡಾಕ್ಟರು, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಹತ್ತರಷ್ಟು ಊನ ಎಂದು ಸರ್ಟಿಫಿಕೇಟು ಬರೆದರು. ಹೂವಿನಮ್ಮನಿಗೆ ರೇಗಿತು.

"ನಾನೇನು ಇಡೀ ಮೈಯಲ್ಲಿ ಹೂ ಕಟ್ತೀನಾ ಡಾಕ್ಟ್ರೇ?"

"ಅದನ್ನ ಕೋರ್ಟು ಹೇಳ್ಬೇಕಮ್ಮ. ನಾನು ಕೈ ಮಾತ್ರ ನೋಡೋದು" ಎಂದು ಡಾಕ್ಟರು ನಕ್ಕರು.

ನಮ್ಮ ಲಾಯರು ಹೇಳಿದ್ದೂ ಅದನ್ನೇ. ಹತ್ತು ಎಂದರೆ ದುಡಿಮೆಯಲ್ಲೂ ಹತ್ತರಷ್ಟೇ ಹೋಯಿತು ಎಂದು ಬಸ್ಸಿನ ಇನ್ಶೂರೆನ್ಸ್‌ನವರು ವಾದಿಸುತ್ತಾರೆ. ಹೂ ಕಟ್ಟುವವರಿಗೆ ಬೆರಳು ಹೋದರೆ ಕಸುಬೇ ಹೋದ ಹಾಗೆ ಎಂದು ಕೋರ್ಟಿಗೆ ಮನವರಿಕೆಯಾಗಬೇಕು. "ಹೂ ಕಟ್ಟೋಕೆ ಆಗಲ್ಲ ಅನ್ನಿ, ಅಷ್ಟೇ ಸಾಕು. ಜಾಸ್ತಿ ಮಾತು ಬೇಡ" ಎಂದು ಮೂರು ಸಲ ಹೇಳಿಕೊಟ್ಟರು. ಹೂವಿನಮ್ಮನಿಗೆ ಜಾಸ್ತಿ ಮಾತು ಬೇಡ ಅನ್ನುವುದು, ಮೀನಿಗೆ ಈಜಬೇಡ ಅಂದ ಹಾಗೆ.

ಸಾಕ್ಷಿ ಹೇಳುವ ದಿನ ಶುಕ್ರವಾರ ಬಂತು. ನ್ಯಾಯಾಧೀಶರು ಹೆಣ್ಣುಮಗಳು. ಕಟಕಟೆ ಹತ್ತಿದ ಹೂವಿನಮ್ಮ ನಮಸ್ಕಾರ ಮಾಡಿ, ಚೀಲದಿಂದ ಬಾಳೆಲೆ ಪೊಟ್ಟಣ ತೆಗೆದು ಮುಂದೆ ಹಿಡಿದರು. ಒಳಗೆ ಒಂದು ಮೊಳ ಮಲ್ಲಿಗೆ.

"ಶುಕ್ರವಾರದ ದಿನ ಮುತ್ತೈದೆ ಮುಂದೆ ಬರಿಗೈಲಿ ಹೆಂಗೆ ನಿಲ್ಲೋದು ತಾಯಿ, ಅದಕ್ಕೇ ತಂದೆ."

ನಮ್ಮ ಲಾಯರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿರಬೇಕು. ನ್ಯಾಯಾಧೀಶರು ಮೆಲ್ಲಗೆ, "ಇದನ್ನೆಲ್ಲ ತರಬಾರದಮ್ಮ, ನಾನು ತಗೊಳ್ಳೋ ಹಾಗಿಲ್ಲ" ಎಂದರು. ಅಷ್ಟರಲ್ಲಿ ಇನ್ಶೂರೆನ್ಸ್ ಲಾಯರ ಕಿವಿ ನೆಟ್ಟಗಾಗಿತ್ತು.

"ಇದನ್ನ ಕಟ್ಟಿದ್ದು ಯಾರಮ್ಮ?"

ನನ್ನ ಹೆಸರು ಹೇಳಲಿ ದೇವರೇ ಎಂದುಕೊಂಡೆ.

"ನಾನೇ ಸ್ವಾಮಿ. ಬೇರೆಯವರ ಕೈಲಿ ಕಟ್ಟಿಸಿ ಕೊಟ್ರೆ ಅದು ನಾನು ಕೊಟ್ಟಂಗಾಗುತ್ತಾ?"

ಕೇಸು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕಟ್ಟಲಾಗುವುದಿಲ್ಲ ಎಂದು ಅರ್ಜಿ ಹಾಕಿದವರೇ ಕಟ್ಟಿ ತಂದಿದ್ದಾರೆ ಎನ್ನುತ್ತಾ ಆ ಲಾಯರು ಗೆದ್ದ ಹುರುಪಿನಲ್ಲಿ ಪೊಟ್ಟಣದಿಂದ ಮಾಲೆಯನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ಮೊಗ್ಗುಗಳು ಒಂದರ ಹಿಂದೆ ಒಂದು ಅವರ ಫೈಲಿನ ಮೇಲೆ, ಕೋಟಿನ ಮೇಲೆ, ನೆಲದ ಮೇಲೆ ಉದುರಿದವು. ಕೊನೆಗೆ ಅವರ ಕೈಯಲ್ಲಿ ಉಳಿದದ್ದು ದಾರ ಮತ್ತು ಐದಾರು ಮೊಗ್ಗು. ಹಾಲಿನಲ್ಲಿ ಯಾರೋ ಕಿಸಕ್ಕೆಂದರು.

ನ್ಯಾಯಾಧೀಶರು ನಗಲಿಲ್ಲ. "ಇದನ್ನ ಕಟ್ಟೋಕೆ ಎಷ್ಟು ಹೊತ್ತಾಯ್ತು?" ಎಂದು ಕೇಳಿದರು.

"ನಿನ್ನೆ ಊಟ ಮಾಡಿ ಕೂತೆ ತಾಯಿ, ದೀಪ ಹಚ್ಚೋ ಹೊತ್ತಿಗೆ ಮುಗೀತು. ಮೊದಲಾದ್ರೆ ಒಂದು ಲೋಟ ಕಾಫಿ ಆರೋದ್ರೊಳಗೆ ಕಟ್ತಿದ್ದೆ." ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಇಷ್ಟು ಕೆಟ್ಟದಾಗಿ ನಾನು ಯಾವತ್ತೂ ಕಟ್ಟಿರಲಿಲ್ಲ."

ನ್ಯಾಯಾಧೀಶರು ಬಹಳ ಹೊತ್ತು ಬರೆದುಕೊಂಡರು. ಹೂವಿನಮ್ಮ ಕೆಳಗಿಳಿದು ಬಂದು, ಎಡಗೈಯಲ್ಲಿ ಮೊಗ್ಗುಗಳನ್ನೆಲ್ಲ ಆಯ್ದು ಮತ್ತೆ ಎಲೆಗೆ ತುಂಬಿದರು. ಆ ಲಾಯರೂ ಬಗ್ಗಿ ನಾಲ್ಕು ಮೊಗ್ಗು ಆಯ್ದುಕೊಟ್ಟರು ಅನ್ನಿ, ಪಾಪ.

ತಿಂಗಳುಗಳು ಕಳೆದು ತೀರ್ಪು ಬಂತು. ನಮ್ಮ ಲಾಯರು ಓದಿ ಹೇಳಿದರು. ಊನವನ್ನು ಡಾಕ್ಟರ ಲೆಕ್ಕದಿಂದ ಮಾತ್ರ ಅಳೆಯಬಾರದು, ಆ ಕೈ ಯಾವ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿತ್ತು ಎಂಬುದನ್ನು ನೋಡಿ ಅಳೆಯಬೇಕು. ಹೂ ಕಟ್ಟುವ ಮಟ್ಟಿಗೆ ಈ ಕೈ ಪೂರ್ತಿ ಹೋದಂತೆಯೇ. ಹೂವಿನಮ್ಮ ಗಮನವಿಟ್ಟು ಕೇಳಿದರು.

"ಅಳೆದು ಕೊಟ್ಟಿದ್ದಾರೆ ಅನ್ನಿ. ಕೊಸರು?"

"ಕೊಟ್ಟಿದ್ದಾರಮ್ಮ. ಅರ್ಜಿ ಹಾಕಿದ ದಿನದಿಂದ ಬಡ್ಡಿ."

"ಹಂಗಾದ್ರೆ ಆ ತಾಯಿ ವ್ಯಾಪಾರ ಬಲ್ಲೋಳು" ಎಂದು ತಲೆಯಾಡಿಸಿದರು. ಲಾಯರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಮೇಲೆ ಮಾರ್ಕೆಟ್ಟಿನ ಹತ್ತಿರ ಒಂದು ಸಣ್ಣ ಅಂಗಡಿ ಹಾಕಿದರು. ಹೂ ಕಟ್ಟಲು ಇಬ್ಬರು ಹೆಂಗಸರನ್ನು ಇಟ್ಟುಕೊಂಡರು. ತಾವು ಮಾತಿಗೆ ಕೂತರು. ಅಳತೆಗೆ ಮಾತ್ರ ಯಾರ ಕೈಯನ್ನೂ ನಂಬದೆ, ನಾನು ಕೆಲಸದಿಂದ ಬರುವುದನ್ನೇ ಕಾಯುತ್ತಿದ್ದರು... ಅವರು ಹೋಗಿ ಈಗ ಮೂರು ವರ್ಷ. ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಆ ದಾರಿಯಲ್ಲಿ ಹೋಗುವುದನ್ನು ನಾನು ಆದಷ್ಟು ತಪ್ಪಿಸುತ್ತೇನೆ.

ಇವತ್ತು ಮತ್ತೆ ಗಾಂಧಿ ಬಜಾರಿಗೆ ಹೋಗಿದ್ದೆ, ಉದುರಿದ ಹೂವಿನ ದೂರು ಹೇಳುವುದಕ್ಕಲ್ಲ. ಒಂದು ಮೊಳ ಎಂದೆ. ಹೂವಿನ ಹುಡುಗಿ ಮಾಲೆಯ ತುದಿ ಎತ್ತುತ್ತಿದ್ದಂತೆ ನನ್ನ ಕೈ ತಾನಾಗಿ ಮುಂದೆ ಚಾಚಿಕೊಂಡಿತು. ಅವಳು ಒಮ್ಮೆ ನನ್ನ ಕೈ ನೋಡಿದಳು, ಒಮ್ಮೆ ಮುಖ ನೋಡಿದಳು, ಆಮೇಲೆ ತನ್ನ ಕೈಯಲ್ಲೇ ಅಳೆದು ಸರಿಯಾಗಿ ಒಂದು ಮೊಳಕ್ಕೆ ಕತ್ತರಿಸಿ ಕೊಟ್ಟಳು.